ಸತ್ತವನ ಹೆಬ್ಬೆಟ್ಟು

ಮೇ ಇಪ್ಪತ್ನಾಲ್ಕು, ಶನಿವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಯಶೋದಾ ಠಾಣೆಯ ಮೆಟ್ಟಿಲು ಹತ್ತಿದಳು. ಸಬ್ ಇನ್ಸ್‌ಪೆಕ್ಟರ್ ಓಂಕಾರಮೂರ್ತಿ ಆಗ ಮೊಬೈಲು ಹಿಡಿದು ಕೂತು, ಮೇಲಿನವರು ಕಳಿಸಿದ ಸಂದೇಶಗಳ ಕೆಳಗೆ ಒಂದೊಂದಾಗಿ ‘ನೋಟೆಡ್ ಸರ್’ ಎಂದು ಹಾಕುತ್ತಿದ್ದ. ಅವನು ಹನ್ನೊಂದು ವಾಟ್ಸಾಪ್ ಗ್ರೂಪುಗಳಲ್ಲಿದ್ದ. ಬಂದೋಬಸ್ತಿಗೆ ಒಂದು, ಬೀಟಿಗೆ ಒಂದು, ಕೋರ್ಟು ಕೆಲಸಕ್ಕೆ ಒಂದು, ಆನೆ ಬಂದರೆ ತಿಳಿಸುವುದಕ್ಕೆ ಒಂದು. ತನ್ನನ್ನು ಯಾರು ಯಾಕೆ ಸೇರಿಸಿದರೆಂದೇ ಗೊತ್ತಿಲ್ಲದವು ಇನ್ನು ಮೂರು. ಸಂದೇಶ ನೋಡದಿದ್ದರೆ ಬೈಗುಳ, ನೋಡಿಯೂ ಉತ್ತರ ಹಾಕದಿದ್ದರೆ ಇನ್ನೂ ದೊಡ್ಡ ಬೈಗುಳ. ಹಾಗಾಗಿ ಅವನು ಓದುವುದನ್ನು ಬಿಟ್ಟು ಉತ್ತರ ಹಾಕುವುದನ್ನು ಮಾತ್ರ ಉಳಿಸಿಕೊಂಡಿದ್ದ.

ಯಶೋದಾಳನ್ನು ಅವನು ಗುರುತಿಸಿದ. ಮಂಗಳವಾರ ಮೂಡಿಗೆರೆ ಆಸ್ಪತ್ರೆಯ ಶವಾಗಾರದ ಹೊರಗೆ ಕಟ್ಟೆಯ ಮೇಲೆ ಕೂತಿದ್ದವಳು. ಜೇನುಹಕ್ಲು ಎಸ್ಟೇಟಿನಲ್ಲಿ ಮರಗಸಿ ಮಾಡುವಾಗ, ಅಂದರೆ ನೆರಳಿನ ಮರಗಳ ಕೊಂಬೆ ಸವರುವಾಗ, ಕಡಿದ ಕೊಂಬೆ ಕರೆಂಟಿನ ತಂತಿಗೆ ತಾಗಿ ಸತ್ತುಹೋದ ಹಾಲೇಶನ ಹೆಂಡತಿ. ಶವ ಪಂಚನಾಮೆ ಬರೆದವನು ಓಂಕಾರಮೂರ್ತಿಯೇ. ಅಸಹಜ ಸಾವಿನ ವರದಿಯಲ್ಲಿ ‘ಮೃತನು ಎಚ್ಚರಿಕೆಯನ್ನು ನೋಡಿಯೂ ನಿರ್ಲಕ್ಷಿಸಿ ಮರ ಹತ್ತಿರುವುದು ಕಂಡುಬಂದಿದೆ’ ಎಂದು ಬರೆದವನೂ ಅವನೇ.

ಹಾಗೆ ಬರೆಯುವುದಕ್ಕೆ ಕಾರಣವಿತ್ತು. ಅಂದು ಸಂಜೆ ಆರು ಗಂಟೆಗೆ ಎಸ್ಟೇಟಿನ ಮಾಲೀಕ ದಿಲೀಪ್ ಚಿಕ್ಕಮಗಳೂರಿನಿಂದ ಠಾಣೆಗೆ ಬಂದು ತನ್ನ ಮೊಬೈಲು ತೋರಿಸಿದ್ದ. ‘ಜೇನುಹಕ್ಲು ಕುಟುಂಬ’ ಎಂಬ ಗ್ರೂಪು. ಬೆಳಿಗ್ಗೆ ಆರು ಐವತ್ತೆಂಟಕ್ಕೆ ಅವನೇ ಕಳಿಸಿದ ಧ್ವನಿ ಸಂದೇಶ: ಇವತ್ತು ಕರೆಂಟು ತೆಗೆಯುವುದಿಲ್ಲ, ಮೇಲಿನ ಬ್ಲಾಕಿನಲ್ಲಿ ಮರಗಸಿ ಬೇಡ. ಅದರ ಕೆಳಗೆ ಸಾಲಾಗಿ ಹೆಬ್ಬೆಟ್ಟಿನ ಗುರುತುಗಳು. ಒತ್ತಿ ನೋಡಿದರೆ ಹೆಸರುಗಳು ಬರುತ್ತಿದ್ದವು. ಎಲ್ಲಕ್ಕಿಂತ ಮೇಲೆ ಹಾಲೇಶನ ಹೆಸರು.

ಯಶೋದಾ ಕುರ್ಚಿಯ ತುದಿಯಲ್ಲಿ ಕೂತು ಹೇಳಿದ್ದು ಒಂದೇ ಮಾತು. ಗಂಡ ಆ ಹೆಬ್ಬೆಟ್ಟು ಹಾಕಿಲ್ಲ. ಮಧ್ಯಾಹ್ನ ಮೂರು ಗಂಟೆಗೆ ಅವಳು ಆಸ್ಪತ್ರೆಯ ಹೊರಗೆ ಕೂತು ಗ್ರೂಪು ತೆಗೆದಾಗ ಬೇರೆಲ್ಲರ ಹೆಸರಿತ್ತು, ಅವನ ಹೆಸರು ಇರಲಿಲ್ಲ. ಸಂಜೆ ನೋಡುವಾಗ ಬಂದಿತ್ತು. ಅವನು ಸತ್ತದ್ದು ಹನ್ನೊಂದೂಕಾಲಿಗೆ.

“ಮೂರು ಗಂಟೆಗೆ ಇರ್ಲಿಲ್ಲ ಅನ್ನೋದಕ್ಕೆ ಏನಾದ್ರೂ ಉಂಟಾ? ಫೋಟೋ, ಸ್ಕ್ರೀನ್‌ಶಾಟ್?”

“ಇಲ್ಲ ಸರ್. ನಾನು ನೋಡಿದ್ದೇ.”

“ಗಾಬರೀಲಿ ತಪ್ಪಿ ಹೋಗಿರ್ಬಹುದಲ್ಲ ಅಮ್ಮ?”

ಅವಳು ತಲೆ ಅಲ್ಲಾಡಿಸಿದಳು. “ಅವ್ರಿಗೆ ಹೇಳಿದ್ರೆ ಹತ್ತೋರಲ್ಲ ಸರ್. ಹೇಳಿದ್ರೂ ಹತ್ತಿದ, ಮೊಂಡ, ಕುಡಿದಿದ್ದ ಅಂತ ಈಗ ಊರೆಲ್ಲ ಹೇಳ್ತಾರೆ. ಅವ್ರು ಕುಡೀತಿರ್ಲಿಲ್ಲ.”

ಕುಡಿದಿರಲಿಲ್ಲವೆಂದು ಮರಣೋತ್ತರ ಪರೀಕ್ಷೆಯಲ್ಲಿಯೂ ಬಂದಿತ್ತು. ಓಂಕಾರಮೂರ್ತಿ ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕಿದ. ತಾನು ಸಹಿ ಹಾಕಿದ ವರದಿಯ ವಿರುದ್ಧ ತಾನೇ ಎಫ್‌ಐಆರ್ ದಾಖಲಿಸುವುದು ಯಾವ ಅಧಿಕಾರಿಗೂ ಇಷ್ಟದ ಕೆಲಸವಲ್ಲ. ಆದರೂ ಕಾನ್‌ಸ್ಟೆಬಲ್ ತನುಜಾಳನ್ನು ಕರೆದು ದೂರು ಬರೆದುಕೊಳ್ಳಲು ಹೇಳಿದ. ನಿರ್ಲಕ್ಷ್ಯದಿಂದ ಸಾವು, ಸಾಕ್ಷ್ಯ ತಿರುಚಿದ್ದು. ಆರೋಪಿ ಜಾಗದಲ್ಲಿ ‘ಅಪರಿಚಿತರು’. ಮಧ್ಯಾಹ್ನ ಹನ್ನೆರಡೂವರೆಗೆ ಎಫ್‌ಐಆರ್ ಆಯಿತು. ಗಂಡನ ಮೊಬೈಲನ್ನು ಯಶೋದಾಳೇ ಚೀಲದಿಂದ ತೆಗೆದುಕೊಟ್ಟಳು. ಬುಧವಾರ ಎಸ್ಟೇಟಿನ ಲೆಕ್ಕ, ಉಸ್ತುವಾರಿ ನೋಡುವ ರೈಟರು ಚನ್ನಬಸವ ಅದನ್ನೂ ಹಾಲೇಶನ ಬುತ್ತಿ ಡಬ್ಬಿಯನ್ನೂ ಅವಳ ಮನೆಗೆ ತಂದುಕೊಟ್ಟಿದ್ದನಂತೆ.

ತನುಜಾ ಹಾಲೇಶನ ಮೊಬೈಲು ತೆರೆದು ನೋಡಿದಳು. ಹೆಬ್ಬೆಟ್ಟು ಇತ್ತು. ಯಾವಾಗ ಹಾಕಿದ್ದೆಂದು ಎಲ್ಲಿಯೂ ಇರಲಿಲ್ಲ.

“ಸಂದೇಶಕ್ಕೆ ಟೈಮ್ ತೋರಿಸ್ತದೆ ಸರ್. ಹೆಬ್ಬೆಟ್ಟಿಗೆ ತೋರಿಸಲ್ಲ.”

“ಕಂಪ್ನಿಯವ್ರಿಗೆ ಗೊತ್ತಿರುತ್ತಲ್ಲ?”

“ಗೊತ್ತಿರುತ್ತೆ. ಹೇಳ್ಬೇಕಲ್ಲ.”

ಜಿಲ್ಲಾ ಕೇಂದ್ರಕ್ಕೆ ಪತ್ರ ಹೋಯಿತು. ಮೊಬೈಲನ್ನು ಪರೀಕ್ಷೆಗೆ ಕಳಿಸಿದರೆ ಸರದಿ ಬರಲು ಎರಡು ತಿಂಗಳಾದರೂ ಬೇಕು, ಕಂಪನಿಯ ಉತ್ತರ ಯಾವಾಗ ಬರುತ್ತದೋ ಹೇಳಲಾಗದು ಎಂದು ಅಲ್ಲಿಂದ ಉತ್ತರ ಬಂತು. ಆ ಉತ್ತರವೂ ಒಂದು ಗ್ರೂಪಿನಲ್ಲಿಯೇ ಬಂತು, ಅದಕ್ಕೂ ‘ನೋಟೆಡ್ ಸರ್’ ಹಾಕಬೇಕಾಯಿತು.

ಭಾನುವಾರ ಬೆಳಿಗ್ಗೆ ಓಂಕಾರಮೂರ್ತಿ, ಹೆಡ್ ಕಾನ್‌ಸ್ಟೆಬಲ್ ಬೆಳ್ಳಿಯಪ್ಪ ಮತ್ತು ತನುಜಾ ಜೀಪಿನಲ್ಲಿ ಜೇನುಹಕ್ಲಿಗೆ ಹೋದರು. ಬಾಳೂರು ದಾಟಿ ಎಡಕ್ಕೆ ತಿರುಗಿದ ಮೇಲೆ ಮಣ್ಣಿನ ರಸ್ತೆ. ಕಾಫಿ ಒಣಗಿಸುವ ಕಣದ ಪಕ್ಕ ಎಸ್ಟೇಟಿನ ಆಫೀಸು, ಆಫೀಸಿನ ಮುಂದೆ ಒಂದು ಹಲಸಿನ ಮರ. ಬೆಳ್ಳಿಯಪ್ಪ ಜೀಪಿನಿಂದಿಳಿದು ಮೊಬೈಲು ನೋಡಿದ, ಸಿಗ್ನಲ್ ಇಲ್ಲ. ಆಫೀಸಿನ ಒಳಗೆ ಹೋದ, ಇಲ್ಲ. ಹಲಸಿನ ಮರದ ಬುಡಕ್ಕೆ ಬಂದಾಗ ಮೂರು ಕಡ್ಡಿ ಬಂತು, ಒಟ್ಟಿಗೇ ನಲವತ್ತು ಸಂದೇಶಗಳೂ ಬಂದವು. ಇಡೀ ಎಸ್ಟೇಟಿನಲ್ಲಿ ಸಿಗ್ನಲ್ ಬರುವುದು ಆ ಮರದ ಕೆಳಗೆ ಮಾತ್ರ.

ರೈಟರು ಚನ್ನಬಸವನಿಗೆ ಐವತ್ತೆರಡು ವರ್ಷ. ದಿಲೀಪನ ತಂದೆ ರುದ್ರಪ್ಪನವರ ಕಾಲದಿಂದ ಇದ್ದವನು. ಪೊಲೀಸರಿಗೆ ಕುರ್ಚಿ ಹಾಕಿಸಿದ, ಕಾಫಿ ತರಿಸಿದ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟ.

ಹಿಂದೆ ಬೆಳಿಗ್ಗೆ ಏಳೂವರೆಗೆ ಎಲ್ಲರನ್ನೂ ಕಣದಲ್ಲಿ ನಿಲ್ಲಿಸಿ, ಯಾರು ಎಲ್ಲಿ ಏನು ಮಾಡಬೇಕೆಂದು ರುದ್ರಪ್ಪನವರೇ ಕೂಗಿ ಹೇಳುತ್ತಿದ್ದರಂತೆ. ಮಗ ದಿಲೀಪ್ ಎಸ್ಟೇಟು ವಹಿಸಿಕೊಂಡ ಮೇಲೆ ಅದೆಲ್ಲ ಹಳೆಯ ಪದ್ಧತಿಯಾಯಿತು. ಆಳುಗಳಿಗೆಲ್ಲ ಮೊಬೈಲು ಇರಲೇಬೇಕು, ಎಲ್ಲರೂ ಗ್ರೂಪಿನಲ್ಲಿರಬೇಕು, ಸಾವ್ಕಾರರು ಚಿಕ್ಕಮಗಳೂರಿನಿಂದ ಕಳಿಸಿದ್ದನ್ನು ನೋಡಿ ಹೆಬ್ಬೆಟ್ಟು ಹಾಕಬೇಕು. ಹಾಕದವರ ಹೆಸರು ಸಂಜೆ ಗ್ರೂಪಿನಲ್ಲಿ ಅಳುವ ಮುಖದ ಜೊತೆ ಬರುತ್ತಿತ್ತು. ವಾರದಲ್ಲಿ ಮೂರು ಸಲ ಹೆಸರು ಬಂದರೆ ಮುಂದಿನ ವಾರ ಕೆಲಸವಿಲ್ಲ.

“ಮಂಗಳವಾರ ಬೆಳಿಗ್ಗೆ ಸಂದೇಶ ಬಂದಾಗ ಹಾಲೇಶ ನೋಡಿದ್ನಾ ರೈಟ್ರೇ?”

“ಹೆಬ್ಬೆಟ್ಟು ಹಾಕಿದಾನಲ್ಲ ಸರ್.”

“ನೀವು?”

“ನಂದೂ ಉಂಟಲ್ಲ ಸರ್.”

“ಬೇಡ ಅಂತ ಬಂದಿದ್ದು ಗೊತ್ತಿದ್ದೂ ಅವನು ಹತ್ತುವಾಗ ಯಾಕೆ ಸುಮ್ನಿದ್ರಿ?”

ಚನ್ನಬಸವ ಕಣದ ಕಡೆ ನೋಡಿದ. ತಾನು ಆಫೀಸಿನಲ್ಲಿದ್ದೆ, ಮೇಲಿನ ಬ್ಲಾಕು ಇಲ್ಲಿಗೆ ಕಾಣುವುದಿಲ್ಲ, ಅವರೆಲ್ಲ ಕೆಳಗಿನ ಬ್ಲಾಕಿಗೆ ಹೋಗಿರುತ್ತಾರೆ ಅಂದುಕೊಂಡಿದ್ದೆ ಎಂದ.

ಮರಗಸಿಯ ಗುಂಪಿನಲ್ಲಿ ಅಂದು ಇದ್ದವರು ಏಳು ಜನ. ಹಾಲೇಶ ಹೋದ ಮೇಲೆ ಉಳಿದವರು ಆರು, ಅದರಲ್ಲಿ ಯಶೋದಾ ಒಬ್ಬಳು. ಮಿಕ್ಕ ಐವರನ್ನು ಒಬ್ಬೊಬ್ಬರನ್ನಾಗಿ ಕರೆದು ಕೇಳಿದ್ದಾಯಿತು. ಸಂದೇಶ ನೋಡಿದ್ರಾ? ನೋಡಿದ್ವಿ. ಹೆಬ್ಬೆಟ್ಟು ಹಾಕಿದ್ರಾ? ಹಾಕಿದ್ವಿ. ಎಲ್ಲಿ ನಿಂತು? ಹಲಸಿನ ಮರದ ಕೆಳಗೆ. ಏನಂತ ಇತ್ತು? ಕರೆಂಟು ತೆಗೆಯಲ್ಲ ಅಂತ. ಮತ್ತೆ ಮೇಲಿನ ಬ್ಲಾಕಿಗೆ ಯಾಕೆ ಹೋದಿರಿ? ಈ ಪ್ರಶ್ನೆಗೆ ಬಂದಾಗ ಎಲ್ಲರೂ ನೆಲ ನೋಡುತ್ತಿದ್ದರು. ಹಾಲೇಶ ಹೋಗೋಣ ಅಂದ ಎಂದು ಒಬ್ಬ ಹೇಳಿದ, ಉಳಿದವರೂ ಅದನ್ನೇ ಹೇಳಿದರು. ಸತ್ತವನು ಬಂದು ಅಲ್ಲ ಎನ್ನುವ ಹಾಗಿಲ್ಲ.

ಮೇಲಿನ ಬ್ಲಾಕಿನಲ್ಲಿ ಹಾಲೇಶ ಹತ್ತಿದ್ದ ಸಿಲ್ವರ್ ಮರದ ಬುಡದಲ್ಲಿ ಪಂಚನಾಮೆ ಮುಗಿಸಿ ಇಳಿಯುವಾಗ ಬೆಳ್ಳಿಯಪ್ಪ ತನ್ನ ಮನಸ್ಸಿನಲ್ಲಿದ್ದದ್ದನ್ನು ಹೇಳಿಬಿಟ್ಟ.

“ಸರ್, ಆ ಹೆಂಗಸಿಗೆ ದುಃಖ. ಪಾಪ. ಆದ್ರೆ ಹೆಬ್ಬೆಟ್ಟು ಹೆಬ್ಬೆಟ್ಟೇ ಅಲ್ವಾ?”

ಓಂಕಾರಮೂರ್ತಿಗೆ ಸಿಟ್ಟು ಬಂತು. ಬೆಳ್ಳಿಯಪ್ಪನ ಮೇಲಲ್ಲ. ಐದು ದಿನದ ಹಿಂದೆ ತಾನೂ ಹಾಗೆಯೇ ಅಂದುಕೊಂಡು ಸಹಿ ಹಾಕಿದ್ದೆನಲ್ಲ ಎಂದು.

ಸೋಮವಾರ ಚಿಕ್ಕಮಗಳೂರಿಗೆ ಹೋಗಿ ದಿಲೀಪನನ್ನು ಅವನ ಮನೆಯಲ್ಲಿಯೇ ಕಂಡ. ದಿಲೀಪ್ ದುಷ್ಟನಲ್ಲ. ನಲವತ್ತರ ಒಳಗಿನ ಮನುಷ್ಯ, ಹಾಲೇಶನ ಸುದ್ದಿ ಬಂದ ರಾತ್ರಿ ನಿದ್ದೆ ಮಾಡಿಲ್ಲ ಎಂದ, ನಿಜವೇ ಇದ್ದೀತು. ಮರುದಿನ ಕರೆಂಟು ತೆಗೆಯುತ್ತಾರೆಂದು ಹಿಂದಿನ ಸೋಮವಾರ ಸಂಜೆಯೇ ಮೇಲಿನ ಬ್ಲಾಕಿನ ಮರಗಸಿ ಗೊತ್ತುಮಾಡಿದ್ದನಂತೆ. ಬೆಳಿಗ್ಗೆ ಲೈನ್‌ಮನ್ ಫೋನು ಮಾಡಿ ಇವತ್ತು ಆಗುವುದಿಲ್ಲ ಎಂದಾಗ ಕೂಡಲೇ ಗ್ರೂಪಿಗೆ ಹಾಕಿದ. ಸಂದೇಶವನ್ನು ಅವನೇ ಹಾಕಿ ಕೇಳಿಸಿದ. ಮೂರು ನಿಮಿಷದ ಮಾತು. ಮೊದಲು ಮಳೆಯ ಲೆಕ್ಕ ಯಾರೂ ಕಳಿಸಿಲ್ಲ ಎಂಬ ಆಕ್ಷೇಪ, ಆಮೇಲೆ ಗೊಬ್ಬರದ ಚೀಲ ಒದ್ದೆಯಾದದ್ದು, ಬಂಗ್ಲೆಯ ನೀರಿನ ಟ್ಯಾಂಕು ತೊಳೆಯುವುದು. ಎಲ್ಲ ಮುಗಿದ ಮೇಲೆ, ‘ಹಾಂ, ಇನ್ನೊಂದು’ ಎಂದು ಶುರುಮಾಡಿ ಕರೆಂಟಿನ ವಿಷಯ.

“ಆಫೀಸಲ್ಲಿ ಲ್ಯಾಂಡ್‌ಲೈನ್ ನೋಡಿದೆ. ಕೆಲ್ಸ ಮಾಡ್ತದೆ. ರೈಟ್ರಿಗೆ ಒಂದು ಫೋನ್ ಮಾಡ್ಬಹುದಿತ್ತಲ್ಲ?”

“ಗ್ರೂಪಲ್ಲಿ ಹಾಕಿದ್ರೆ ದಾಖಲೆ ಇರುತ್ತೆ ಸರ್. ಫೋನಲ್ಲಿ ಹೇಳಿದ್ದಕ್ಕೆ ಏನು ದಾಖಲೆ?”

ಮೊಬೈಲನ್ನು ತನಿಖೆಗೆ ಕೊಡಿ ಎಂದಾಗ ಮಾತ್ರ ದಿಲೀಪ್ ಹಿಂಜರಿದ. ವ್ಯವಹಾರವೆಲ್ಲ ಅದರಲ್ಲಿದೆ, ವಕೀಲರನ್ನು ಕೇಳಿ ಹೇಳುತ್ತೇನೆ ಎಂದ. ವಕೀಲರು ಬೆಂಗಳೂರಿಗೆ ಹೋಗಿದ್ದರು. ಆ ಮೊಬೈಲನ್ನು ತಾನು ಯಾಕೆ ಕೇಳುತ್ತಿದ್ದೇನೆ, ಅದರಲ್ಲಿ ಏನು ಸಿಗುತ್ತದೆ ಎಂದು ಓಂಕಾರಮೂರ್ತಿಗೂ ಸ್ಪಷ್ಟವಿರಲಿಲ್ಲ. ಹೀಗಾಗಿ ಗಟ್ಟಿಯಾಗಿ ಕೇಳುವುದಕ್ಕೂ ಆಗದೆ ಬರಿಗೈಯಲ್ಲಿ ವಾಪಸು ಬಂದ.

ಬುಧವಾರ ಬೆಳಿಗ್ಗೆ ಅವನ ಮರ್ಯಾದೆ ಹೋಯಿತು. ಮೇಲಧಿಕಾರಿಯೊಬ್ಬರು ಬಂದೋಬಸ್ತಿನ ಗ್ರೂಪಿನಲ್ಲಿ ಒಂದು ಸ್ಕ್ರೀನ್‌ಶಾಟ್ ಹಾಕಿದ್ದರು. ಹಿಂದಿನ ರಾತ್ರಿ ಅವರೇ ಕಳಿಸಿದ ಧ್ವನಿ ಸಂದೇಶದ ವಿವರ. ಯಾರ ಮೊಬೈಲು ಅದನ್ನು ಎಷ್ಟು ಗಂಟೆಗೆ ತೆರೆಯಿತು, ಯಾರು ಎಷ್ಟು ಗಂಟೆಗೆ ಕೇಳಿಸಿಕೊಂಡರು ಎಲ್ಲವೂ ಅದರಲ್ಲಿತ್ತು. ಓಂಕಾರಮೂರ್ತಿಯ ಹೆಸರು ತೆರೆದವರ ಸಾಲಿನಲ್ಲಿತ್ತು, ಕೇಳಿಸಿಕೊಂಡವರ ಸಾಲಿನಲ್ಲಿರಲಿಲ್ಲ. ಕೆಳಗೆ ಒಂದು ವಾಕ್ಯ: ‘ಕೆಲವರು ಕೇಳದೆಯೇ ನೋಟೆಡ್ ಹಾಕುತ್ತಿದ್ದಾರೆ, ಇದು ಸರಿಯಲ್ಲ.’ ಅದಕ್ಕೂ ಮೂವತ್ತು ಜನ ಹೆಬ್ಬೆಟ್ಟು ಹಾಕಿದ್ದರು.

ಓಂಕಾರಮೂರ್ತಿ ಚಿತ್ರವನ್ನು ಇನ್ನೊಮ್ಮೆ ನೋಡಿದ. ಆಮೇಲೆ ತನುಜಾಳನ್ನು ಕರೆದ.

“ಈ ವಿವರ ಯಾರ ಮೊಬೈಲಲ್ಲಿ ಬರ್ತದೆ?”

“ಕಳಿಸಿದವ್ರ ಮೊಬೈಲಲ್ಲಿ ಮಾತ್ರ ಸರ್. ಬೇರೆ ಯಾರಿಗೂ ಕಾಣಲ್ಲ.”

“ಹಂಗಾದ್ರೆ ಜೀಪ್ ತೆಗೆಸು.”

ಈ ಸಲ ಅವನು ನೋಟಿಸು ಬರೆದುಕೊಂಡೇ ಹೋದ. ವಕೀಲರು ಬಂದಿರಲಿಲ್ಲ, ಅವನು ಕಾಯಲೂ ಇಲ್ಲ. ಇಬ್ಬರು ಪಂಚರನ್ನು ಕೂರಿಸಿಕೊಂಡು, ದಿಲೀಪನ ಎದುರಿಗೇ ತನುಜಾ ಆ ಧ್ವನಿ ಸಂದೇಶದ ಮೇಲೆ ಬೆರಳೊತ್ತಿ ವಿವರ ತೆರೆದಳು. ದಿಲೀಪ್ ಎರಡು ವರ್ಷದಿಂದ ದಿನಾ ಸಂದೇಶ ಕಳಿಸುತ್ತಿದ್ದವನು, ಹೆಬ್ಬೆಟ್ಟುಗಳನ್ನು ಎಣಿಸುತ್ತಿದ್ದ. ಇಂಥದ್ದೊಂದು ಪುಟ ಇದೆಯೆಂದೇ ಅವನಿಗೆ ಗೊತ್ತಿರಲಿಲ್ಲ.

ಗುಂಪಿನ ಆರು ಜನರ ಮೊಬೈಲುಗಳು ಸಂದೇಶವನ್ನು ತೆರೆದದ್ದು ಬೆಳಿಗ್ಗೆ ಏಳು ಐವತ್ತೊಂದರಿಂದ ಐವತ್ತಾರರ ಒಳಗೆ, ಒಂದರ ಹಿಂದೆ ಒಂದು. ಹಾಲೇಶನ ಮೊಬೈಲು ತೆರೆದದ್ದು ಮಧ್ಯಾಹ್ನ ನಾಲ್ಕು ಇಪ್ಪತ್ತಕ್ಕೆ. ಆ ಹೊತ್ತಿನಲ್ಲಿ ಹಾಲೇಶ ಮೂಡಿಗೆರೆಯ ಶವಾಗಾರದಲ್ಲಿದ್ದ.

ತನುಜಾ ಪುಟವನ್ನು ಮೇಲಕ್ಕೆ ಸರಿಸಿದಳು. ಕೇಳಿಸಿಕೊಂಡವರ ಸಾಲಿನಲ್ಲಿ ಇದ್ದದ್ದು ಎರಡೇ ಹೆಸರು. ಚನ್ನಬಸವ, ಬೆಳಿಗ್ಗೆ ಹನ್ನೊಂದು ನಲವತ್ತೆಂಟು. ಯಶೋದಾ, ಮಧ್ಯಾಹ್ನ ಮೂರು ಹತ್ತು.

“ಅಂದ್ರೆ?” ಎಂದ ದಿಲೀಪ್.

“ಅಂದ್ರೆ ಹಾಲೇಶ ಸಾಯೋವರೆಗೆ ನಿಮ್ಮ ಮಾತನ್ನ ಒಬ್ರೂ ಕೇಳಿಲ್ಲ ಸರ್” ಎಂದ ಓಂಕಾರಮೂರ್ತಿ.

ದಿಲೀಪ್ ಮೊಬೈಲನ್ನು ಕೈಗೆ ತೆಗೆದುಕೊಳ್ಳಲು ಹೋದ. ತನುಜಾ ಅದನ್ನು ಆಗಲೇ ಲಕೋಟೆಗೆ ಹಾಕುತ್ತಿದ್ದಳು. ಜಪ್ತಿ ಪಂಚನಾಮೆಗೆ ಸಹಿ ಹಾಕುವಾಗ ಅವನು, ಆದರೆ ಎಲ್ಲರೂ ಹೆಬ್ಬೆಟ್ಟು ಹಾಕಿದ್ದರಲ್ಲ, ಎಲ್ಲರೂ ಹಾಕಿದ್ದರಲ್ಲ ಎಂದು ಎರಡು ಸಲ ಹೇಳಿದ.

ಯಶೋದಾಳ ಹೆಸರು ಆ ಸಾಲಿನಲ್ಲಿದ್ದದ್ದು ಓಂಕಾರಮೂರ್ತಿಯನ್ನು ದಾರಿಯುದ್ದಕ್ಕೂ ಕೊರೆಯುತ್ತಿತ್ತು. ಬೆಳಿಗ್ಗೆ ಏಳು ಐವತ್ಮೂರಕ್ಕೆ ಅವಳ ಮೊಬೈಲು ಸಂದೇಶ ತೆರೆದಿದೆ, ಹೆಬ್ಬೆಟ್ಟೂ ಇದೆ. ಮಾತು ಕೇಳಿದ್ದು ಮೂರು ಹತ್ತಕ್ಕೆ. ಗಂಡನ ಹೆಬ್ಬೆಟ್ಟು ಸುಳ್ಳು ಎಂದು ದೂರು ಕೊಟ್ಟವಳು ತನ್ನದರ ಬಗ್ಗೆ ಒಂದು ಮಾತೂ ಹೇಳಿರಲಿಲ್ಲ. ದೂರುದಾರಳೇ ಅರ್ಧ ಮುಚ್ಚಿಟ್ಟರೆ ಪೊಲೀಸರು ಯಾರನ್ನು ನಂಬಬೇಕು?

ಗುರುವಾರ ಬೆಳಿಗ್ಗೆ ಅವನೂ ತನುಜಾಳೂ ಎಸ್ಟೇಟಿನ ಆಳುಗಳು ಸಾಲಾಗಿ ವಾಸಿಸುವ ಲೈನ್ ಮನೆಗೆ ಹೋದರು. ಯಶೋದಾ ಹೊರಗೆ ಒಲೆ ಹೂಡಿಕೊಂಡು ಅಡಿಗೆ ಮಾಡುತ್ತಿದ್ದಳು. ಮನೆಯ ಒಳಗೆ ಇನ್ನೊಂದು ಒಲೆ ಉರಿಯುತ್ತಿತ್ತು, ಅಲ್ಲಿ ಹಾಲೇಶನ ತಾಯಿ ಒಬ್ಬಳೇ ಗಂಜಿ ಕಾಯಿಸಿಕೊಳ್ಳುತ್ತಿದ್ದಳು. ಪೊಲೀಸರನ್ನು ನೋಡಿ ಮುದುಕಿ ಬಾಗಿಲು ಎಳೆದುಕೊಂಡಳು.

“ನಿನ್ನ ಹೆಬ್ಬೆಟ್ಟು ನೀನೇ ಹಾಕಿದ್ಯಾ ಅಮ್ಮ?” ಎಂದು ಓಂಕಾರಮೂರ್ತಿ ನೇರ ಕೇಳಿದ.

ಯಶೋದಾ ಬೆಂಕಿಗೆ ಕಟ್ಟಿಗೆ ಸರಿಸಿದಳು. ಆಮೇಲೆ ಹೇಳಿದಳು. ಬೆಳಿಗ್ಗೆ ಕಣಕ್ಕೆ ಬಂದ ಕೂಡಲೇ ಎಲ್ಲರೂ ಮೊಬೈಲನ್ನು ಹಲಸಿನ ಕೊಂಬೆಗೆ ತೂಗುಹಾಕಿದ ಕುಕ್ಕೆಯಲ್ಲಿಟ್ಟು ಕೆಲಸಕ್ಕೆ ಹೋಗುತ್ತಾರೆ. ತೋಟದೊಳಗೆ ಸಿಗ್ನಲ್ ಇಲ್ಲ, ಸಂದೇಶ ಬಂದರೆ ಹೆಬ್ಬೆಟ್ಟು ಹಾಕಲು ಅಷ್ಟು ದೂರದಿಂದ ನಡೆದು ಬರುವುದಕ್ಕೂ ಆಗುವುದಿಲ್ಲ. ಅದಕ್ಕೆ ರೈಟರೇ ಆಗಾಗ ಮರದ ಕೆಳಗೆ ಬಂದು ಕುಕ್ಕೆಯಲ್ಲಿರುವ ಮೊಬೈಲುಗಳನ್ನೆಲ್ಲ ತೆಗೆದು ಎಲ್ಲರ ಪರವಾಗಿ ಒತ್ತಿಬಿಡುತ್ತಾನೆ. ಯಾರ ಮೊಬೈಲಿಗೂ ಲಾಕ್ ಇಲ್ಲ, ಇಟ್ಟುಕೊಳ್ಳಬೇಡಿ ಎಂದು ಅವನೇ ಹೇಳಿದ್ದ. ಕೆಲಸ ಹೋಗದಿರಲಿ ಎಂದು ಮಾಡಿದ ಉಪಕಾರ. ಹೇಳುವುದು ಏನಾದರೂ ಇದ್ದರೆ ತಾನು ಬಂದು ಹೇಳುತ್ತೇನೆ ಎಂದಿದ್ದ, ಇಷ್ಟು ದಿನ ಹೇಳುತ್ತಲೂ ಇದ್ದ. ಮಂಗಳವಾರ ಹಾಲೇಶನ ಮೊಬೈಲಿನಲ್ಲಿ ಚಾರ್ಜ್ ಇರಲಿಲ್ಲ, ಆಫೀಸಿನಲ್ಲಿ ಚುಚ್ಚಿಡಿ ಎಂದು ರೈಟರ ಕೈಗೆ ಕೊಟ್ಟು ಹೋಗಿದ್ದ. ಆಸ್ಪತ್ರೆಗೆ ಹೊರಡುವಾಗ ಯಶೋದಾ ಕುಕ್ಕೆಯಿಂದ ತನ್ನ ಮೊಬೈಲು ಮಾತ್ರ ಎತ್ತಿಕೊಂಡಿದ್ದಳು.

“ಇದನ್ನ ಶನಿವಾರವೇ ಯಾಕೆ ಹೇಳ್ಲಿಲ್ಲ?”

“ಕಟ್ಟೆ ಮೇಲೆ ಕೂತು ಮೊದ್ಲು ಕೇಳಿದ್ದು ಸರ್ ನಾನು. ಮೇಲಿನ ಬ್ಲಾಕಿಗೆ ಹೋಗ್ಬೇಡಿ ಅಂತಿದ್ರು ಸಾವ್ಕಾರ್ರು. ಅವ್ರನ್ನ ಒಳಗೆ ಕೊಯ್ತಿದ್ರು. ನೋಡಿದ್ರೆ ಕೆಳಗೆ ನನ್ನ ಹೆಬ್ಬೆಟ್ಟು.” ಅವಳು ಬಾಗಿಲ ಕಡೆ ನೋಡಿದಳು. “ಅವ್ರು ಮೇಲಿದ್ದಾಗ ಮರದ ಬುಡದಲ್ಲಿ ಕೊಂಬೆ ಎಳೀತಿದ್ದೋಳು ನಾನು. ನಿಂಗೆ ಗೊತ್ತಿತ್ತಲ್ಲ, ಗೊತ್ತಿದ್ದೂ ಮೇಲೆ ಕಳಿಸಿದ್ಯಲ್ಲ ಅಂತ ಅತ್ತೆ ಕೇಳಿದ್ರು. ಅವತ್ತಿಂದ ಮಾತಿಲ್ಲ. ರೈಟ್ರು ಹಾಕಿದ್ದು ಅಂದೆ, ನಂಬ್ಲಿಲ್ಲ. ನೀವೂ ನಂಬಲ್ಲ ಅಂದ್ಕೊಂಡೆ.”

ತನುಜಾ ಬರೆಯುವುದನ್ನು ನಿಲ್ಲಿಸಿದ್ದಳು. ಓಂಕಾರಮೂರ್ತಿ ಹೇಳಿಕೆಗೆ ಸಹಿ ಬೇಕು ಎಂದಷ್ಟೇ ಹೇಳಿದ.

ಆಮೇಲೆ ಉಳಿದ ಐವರೂ ಒಂದೇ ಗಂಟೆಯಲ್ಲಿ ಒಪ್ಪಿಕೊಂಡರು. ನೋಡಿಲ್ಲ ಎಂದರೆ ಕೆಲಸ ಹೋಗುತ್ತದೆ, ನೋಡಿದ್ದೇವೆ ಎಂದರೆ ಹಾಲೇಶನನ್ನು ಕೊಂದ ಹಾಗಾಗುತ್ತದೆ. ಎರಡರ ನಡುವೆ ಸಿಕ್ಕಿ ಒಬ್ಬನ ಮಾತನ್ನು ಇನ್ನೊಬ್ಬ ಹೇಳಿದ್ದರು. ಆಳುಗಳು ಕೆಲಸಕ್ಕೆ ಇಳಿದದ್ದು ಏಳು ಮುಕ್ಕಾಲಿಗೆ ಎಂದು ಆ ಐವರಲ್ಲೇ ಒಬ್ಬನಾದ ಮೇಸ್ತ್ರಿ ಹೇಳಿದ. ಏಳು ಐವತ್ತೊಂದಕ್ಕೆ ಅವರಲ್ಲಿ ಒಬ್ಬರೂ ಹಲಸಿನ ಮರದ ಹತ್ತಿರ ಇರಲಿಲ್ಲ. ನಾಲ್ಕು ಇಪ್ಪತ್ತಕ್ಕೆ ಮೇಸ್ತ್ರಿ ಸಮೇತ ಎಲ್ಲರೂ ಮೂಡಿಗೆರೆ ಆಸ್ಪತ್ರೆಯಲ್ಲಿದ್ದರು. ಎಸ್ಟೇಟಿನಲ್ಲಿ ಉಳಿದಿದ್ದವನು ಒಬ್ಬನೇ.

ಮಧ್ಯಾಹ್ನ ಎರಡು ಗಂಟೆಗೆ ಆಫೀಸಿಗೆ ಹೋದಾಗ ಚನ್ನಬಸವ ಊಟ ಮಾಡಿ ಕೈ ತೊಳೆಯುತ್ತಿದ್ದ. ಓಂಕಾರಮೂರ್ತಿ ಅವನ ಮುಂದೆ ಆ ಪುಟದ ಪ್ರತಿಯನ್ನಿಟ್ಟ. ಚನ್ನಬಸವ ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದ.

“ನಾಲ್ಕು ಇಪ್ಪತ್ತಕ್ಕೆ ಹಾಲೇಶನ ಮೊಬೈಲ್ ಯಾರ ಕೈಲಿತ್ತು?”

“ನನ್ನ ಕೈಲಿ.”

“ಹೆಬ್ಬೆಟ್ಟು ಹಾಕಿದ್ದು?”

“ನಾನೇ ಸರ್.”

“ಬೆಳಿಗ್ಗೆ ಸಂದೇಶ ಯಾಕೆ ಕೇಳ್ಲಿಲ್ಲ?”

ದಿನಕ್ಕೆ ಏಳೆಂಟು ಬರುತ್ತವೆ, ಒಂದೊಂದೂ ಮೂರು ನಿಮಿಷ ನಾಲ್ಕು ನಿಮಿಷ ಎಂದ ಚನ್ನಬಸವ. ಮೊದಮೊದಲು ಎಲ್ಲವನ್ನೂ ಕೊನೆಯವರೆಗೆ ಕೇಳುತ್ತಿದ್ದ. ಆಮೇಲೆ ಅರ್ಧ. ಮಳೆಯ ಲೆಕ್ಕದ ಮಾತು ಬಂದರೆ ಅದು ತನಗೆ ಬೈಗುಳ ಎಂದು ಗೊತ್ತಾಗಿ ಕೇಳುವುದನ್ನೇ ಬಿಟ್ಟ. ಅಂದು ಆರಂಭವನ್ನೂ ಕೇಳಲಿಲ್ಲ. ಕುಕ್ಕೆಯಲ್ಲಿದ್ದ ಮೊಬೈಲುಗಳಿಗೂ ತನ್ನದಕ್ಕೂ ಒತ್ತಿ ಕೆಲಸಕ್ಕೆ ಹೋದ. ಜೀವ ಹೋಗುವ ವಿಷಯವಾದರೆ ಸಾವ್ಕಾರರು ಫೋನು ಮಾಡಿಯೇ ಮಾಡುತ್ತಾರೆ ಎಂದುಕೊಂಡಿದ್ದ. ಹನ್ನೊಂದೂಕಾಲಿಗೆ ಮೇಲಿನಿಂದ ಕೂಗು ಕೇಳಿ ಓಡಿದ. ಇಳಿದು ಬಂದು ಆ್ಯಂಬುಲೆನ್ಸಿಗೆ ಫೋನು ಮಾಡಿ, ಮರದ ಕೆಳಗೆ ನಿಂತು, ಆಗ ಆ ಸಂದೇಶವನ್ನು ಹಾಕಿ ಕೇಳಿಸಿಕೊಂಡ.

“ಆಮೇಲೆ ಸತ್ತವನ ಹೆಸರಲ್ಲಿ ಒತ್ತಿದ್ದು ಯಾಕೆ? ನಿಮ್ಮ ತಲೆ ಉಳಿಸ್ಕೊಳ್ಳೋಕಾ?”

“ಹೌದು ಸರ್. ಸುಳ್ಳು ಹೇಳಲ್ಲ” ಎಂದ ಚನ್ನಬಸವ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. “ಆದ್ರೆ ಅದೊಂದೇ ಅಲ್ಲ. ಆರು ಜನದ್ದು ಬಿದ್ದಿತ್ತು, ಅವನೊಬ್ಬನ್ದೇ ಇರ್ಲಿಲ್ಲ. ನೋಡಿದವ್ರಿಗೆ ಏನನ್ಸುತ್ತೆ? ಆರು ಜನಕ್ಕೆ ಗೊತ್ತಿತ್ತು, ಅವನಿಗೆ ಹೇಳ್ದೆ ಹತ್ತಿಸಿದ್ರು ಅಂತ. ಅವ್ರಲ್ಲಿ ಅವನ ಹೆಂಡ್ತೀನೂ ಉಂಟು. ಅವನ್ದೂ ಒಂದು ಬಿದ್ರೆ ಅವನೇ ನೋಡಿ ಹೋದ ಅಂತ ಆಗ್ತದೆ. ಬದುಕಿರೋರು ಉಳ್ಕೊಳ್ತಾರೆ ಅಂತ.”

“ಅವ್ರ ಹೆಬ್ಬೆಟ್ಟೂ ನಾನೇ ಹಾಕಿದ್ದು ಅಂತ ಒಂದು ಮಾತು ಹೇಳಿದ್ರೆ ಎಲ್ರೂ ಉಳೀತಿದ್ರಲ್ಲ ಮಾರಾಯ್ರೆ.”

ಚನ್ನಬಸವ ಕನ್ನಡಕವನ್ನು ಮಡಿಸಿ ಜೇಬಿಗೆ ಹಾಕಿಕೊಂಡ. ಮೇ ಇಪ್ಪತ್ತೊಂಬತ್ತು, ಮಧ್ಯಾಹ್ನ ಮೂರು ಗಂಟೆಗೆ ಬಂಧನದ ಮೆಮೊ ಬರೆದರು. ಅವನು ಮಗಳಿಗೆ ಫೋನು ಮಾಡಬೇಕು ಎಂದ. ಸಿಗ್ನಲಿಗಾಗಿ ಬೆಳ್ಳಿಯಪ್ಪ ಅವನನ್ನು ಹಲಸಿನ ಮರದ ಕೆಳಗೆ ಕರೆದುಕೊಂಡು ಹೋದ.

ದಿಲೀಪನಿಗೂ ನೋಟಿಸು ಹೋಯಿತು. ಎಚ್ಚರಿಕೆ ಕೊಟ್ಟವನನ್ನೇ ಆರೋಪಿ ಮಾಡುತ್ತೀರಾ ಎಂದು ಮೇಲಿನಿಂದ ಫೋನು ಬಂತು. ಮೂರು ನಿಮಿಷದ ಕೊನೆಗೆ ಹೇಳಿದ್ದು ಎಚ್ಚರಿಕೆಯೋ ಅಲ್ಲವೋ ಎಂದು ಕೋರ್ಟು ಹೇಳಲಿ ಸರ್ ಎಂದ ಓಂಕಾರಮೂರ್ತಿ. ಅದು ನಿಲ್ಲುತ್ತದೆ ಎಂಬ ಭರವಸೆ ಅವನಿಗೆ ಇರಲಿಲ್ಲ. ಚನ್ನಬಸವನ ಹೇಳಿಕೆಯಲ್ಲಿ ತನ್ನನ್ನು ಉಳಿಸಿಕೊಳ್ಳಲು ಮಾಡಿದ್ದನ್ನೂ ಬರೆದ, ಬದುಕಿರುವವರಿಗಾಗಿ ಎಂದದ್ದನ್ನೂ ಬರೆದ. ಎರಡರಲ್ಲಿ ಯಾವುದು ಹೆಚ್ಚು ನಿಜ ಎಂದು ಅವನಿಗೆ ಗೊತ್ತಾಗಲಿಲ್ಲ. ದಿನಾ ಎಲ್ಲರ ಪರವಾಗಿ ಒತ್ತಿ ಒತ್ತಿ, ಸತ್ತವನ ಪರವಾಗಿ ಒತ್ತುವಾಗಲೂ ಆ ಮನುಷ್ಯನಿಗೆ ಅದು ಅಪರಾಧ ಎಂದು ಅನ್ನಿಸಿರಲಿಕ್ಕಿಲ್ಲ ಎಂದಷ್ಟೇ ತೋಚಿತು.

ಶನಿವಾರ ಯಶೋದಾಳಿಗೆ ವಿಷಯ ತಿಳಿಸಬೇಕಿತ್ತು. ಮೆಸೇಜ್ ಹಾಕಲಾ ಸರ್ ಎಂದು ತನುಜಾ ಕೇಳಿದಳು. ಬೇಡ ಎಂದು ಓಂಕಾರಮೂರ್ತಿ ಟೋಪಿ ಎತ್ತಿಕೊಂಡ.

ಲೈನ್ ಮನೆಯಲ್ಲಿ ಯಶೋದಾ ಎದ್ದು ನಿಂತಳು. ಅವನು ಅವಳನ್ನು ದಾಟಿ ಬಾಗಿಲ ಹತ್ತಿರ ಹೋಗಿ, ಒಳಗೆ ಕೂತಿದ್ದ ಮುದುಕಿಗೆ ಗಟ್ಟಿಯಾಗಿ, ಬಿಡಿಸಿ ಹೇಳಿದ. ನಿಮ್ಮ ಸೊಸೆ ಹೆಬ್ಬೆಟ್ಟು ಹಾಕಿಲ್ಲ. ಅವಳಿಗೆ ಏನೂ ಗೊತ್ತಿರಲಿಲ್ಲ. ನಿಮ್ಮ ಮಗನೂ ಹಾಕಿಲ್ಲ, ಅವನು ಮೊಂಡತನ ಮಾಡಿಲ್ಲ. ಎಲ್ಲರದ್ದೂ ರೈಟರೇ ಹಾಕಿದ್ದು, ಒಪ್ಪಿಕೊಂಡಿದ್ದಾನೆ.

ಮುದುಕಿ ಗೋಡೆ ಹಿಡಿದು ಎದ್ದು ಹೊರಗೆ ಬಂದಳು. ಸೊಸೆಯ ಮುಖ ನೋಡಿದಳು. ಅವಳ ಪಕ್ಕ ಬಂದು ಮೊಣಕೈ ಹಿಡಿದುಕೊಂಡಳು. ಆಮೇಲೆ ಓಂಕಾರಮೂರ್ತಿಯ ಕಡೆ ತಿರುಗಿದಳು.

“ಹಂಗಾದ್ರೆ ಅವತ್ತು ನನ್ನ ಮಗಂಗೆ ಯಾರೂ ಹೇಳ್ಲೇ ಇಲ್ವಾ ಸ್ವಾಮಿ?”

ಅದಕ್ಕೆ ಉತ್ತರ ಒಂದೇ ಇತ್ತು. ಓಂಕಾರಮೂರ್ತಿ ಟೋಪಿಯನ್ನು ಕೈಯಲ್ಲಿ ಹಿಡಿದುಕೊಂಡು ಅದನ್ನೇ ಹೇಳಿದ.

“ಇಲ್ಲ ಅಮ್ಮ. ಯಾರೂ ಹೇಳ್ಲಿಲ್ಲ.”